ಬೆಂಚು, ಜಗಲಿ, ಬೀರುವಿನ ಬೀಗ

ನಮ್ಮ ನಾಡಿನ ಯಾವ ಊರಿಗೆ ಹೋದರೂ ಶಾಲೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಒಂದೇ ಸಾಲಿಗೆ ನಾಲ್ಕೋ ಐದೋ ಕೋಣೆ, ಅವುಗಳ ಮುಂದೆ ಉದ್ದಕ್ಕೆ ಒಂದು ಜಗಲಿ, ಎದುರಿಗೆ ಧ್ವಜದ ಕಟ್ಟೆ, ಮೂಲೆಯಲ್ಲಿ ಬಿಸಿಯೂಟದ ಅಡುಗೆಮನೆ. ಇಷ್ಟು ಕಂಡರೆ ಅದು ಶಾಲೆಯೇ ಸರಿ. ಸೋಜಿಗವೆಂದರೆ, ಈ ನಾಡಿನಲ್ಲಿ ಮನೆಗಳು ಮೂವತ್ತು ಹರದಾರಿಗೊಂದು ಬಗೆ. ವಿಜಯಪುರದ ಕಡೆ ಮಣ್ಣಿನ ಮಾಳಿಗೆ, ಕಲಬುರ್ಗಿಯ ಕಡೆ ಶಹಾಬಾದ್ ಕಲ್ಲು, ಮಲೆನಾಡಿನಲ್ಲಿ ಕಡಿದಾಗಿ ಇಳಿದ ಹೆಂಚಿನ ಸೂರು, ಕರಾವಳಿಯಲ್ಲಿ ಮಳೆ ಒಳಗೆ ಬಾರದಂತೆ ಮುಂದಕ್ಕೆ ಚಾಚಿದ ಚಾವಡಿ. ಬಿಸಿಲಿಗೆ, ಮಳೆಗೆ, ಸಿಗುವ ಕಲ್ಲು ಮಣ್ಣಿಗೆ ತಕ್ಕಂತೆ ಅಜ್ಜಂದಿರು ತಲೆ ಓಡಿಸಿದ್ದಾರೆ. ಶಾಲೆ ಕಟ್ಟುವಾಗ ಮಾತ್ರ ಆ ತಲೆ ಯಾರಿಗೂ ನೆನಪಾಗಿಲ್ಲ. ಸುರಪುರದ ಬಿಸಿಲಿಗೂ ಆಗುಂಬೆಯ ಮಳೆಗೂ ಒಂದೇ ನಕ್ಷೆ.

ಇಂಜಿನಿಯರುಗಳನ್ನು ಬೈದು ಪ್ರಯೋಜನವಿಲ್ಲ. ಶಾಲೆಯೆಂದರೆ ಏನು ಎಂಬುದಕ್ಕೆ ನಮ್ಮೆಲ್ಲರ ತಲೆಯಲ್ಲೂ ಒಂದೇ ಚಿತ್ರವಿದೆ. ಮೇಷ್ಟ್ರು ಎದುರಿಗೆ, ಅವರ ಬೆನ್ನ ಹಿಂದೆ ಕರಿಹಲಗೆ, ಮಕ್ಕಳೆಲ್ಲ ಅತ್ತ ಮುಖ ಮಾಡಿ ಸಾಲಾಗಿ. ಈ ಚಿತ್ರಕ್ಕೆ ಬೇಕಾದದ್ದು ಒಂದು ಚೌಕದ ಕೋಣೆ. ಇಂಜಿನಿಯರು ಪಾಪ, ಕೇಳಿದ್ದನ್ನು ಕಟ್ಟಿಕೊಟ್ಟಿದ್ದಾನೆ.

ಆ ಕೋಣೆಯ ಒಳಗಿನ ಭೂಗೋಳವೇ ಬೇರೆ. ಮುಂದಿನ ಬೆಂಚಿನಲ್ಲಿ ಕನ್ನಡಕದವರು, ಕುಳ್ಳಗಿರುವವರು, ಮೇಷ್ಟ್ರ ಮಕ್ಕಳು. ನಡುವಿನ ಬೆಂಚಿನವರನ್ನು ಯಾರೂ ಹೊಗಳುವುದಿಲ್ಲ, ಯಾರೂ ಹೊಡೆಯುವುದೂ ಇಲ್ಲ. ಹತ್ತು ವರ್ಷ ಓದಿ ಹೊರಗೆ ಬಂದರೂ ಮೇಷ್ಟ್ರಿಗೆ ಅವರ ಹೆಸರು ನೆನಪಿರುವುದಿಲ್ಲ. ಇನ್ನು ಕೊನೆಯ ಬೆಂಚು. ಅದರ ಬಗ್ಗೆ ನಮ್ಮ ಸಿನಿಮಾದವರಿಗೆ ವಿಪರೀತ ಮೋಹ. ಹೀರೋ ಎಂದ ಮೇಲೆ ಅವನು ಅಲ್ಲೇ ಕೂತಿರಬೇಕು, ಫೇಲಾಗಬೇಕು, ಕಡೆಗೆ ಫಸ್ಟ್ ರ್‍ಯಾಂಕಿನವನಿಗೇ ಕೆಲಸ ಕೊಡಬೇಕು. ನಿಜವಾದ ಕೊನೆಯ ಬೆಂಚಿನಲ್ಲಿ ಕೂತವರಲ್ಲಿ ಹೆಚ್ಚಿನವರು ಹೀರೋ ಆಗಲಿಲ್ಲ. ಅವರಿಗೆ ಬೋರ್ಡು ಕಾಣಿಸುತ್ತಿರಲಿಲ್ಲ, ಅಷ್ಟೇ.

ಬೆಂಚಿನ ಮಾತು ಬಂದಾಗ ಹಳೆಯ ಡೆಸ್ಕನ್ನು ಮರೆಯುವ ಹಾಗಿಲ್ಲ. ಕೂರುವ ಹಲಗೆಯನ್ನೂ ಬರೆಯುವ ಹಲಗೆಯನ್ನೂ ಒಂದೇ ಚೌಕಟ್ಟಿಗೆ ಜಡಿದು ಮಾಡಿದ ಆ ಭಾರದ ಸಾಮಾನು ಈಗಲೂ ಕೆಲವು ಶಾಲೆಗಳಲ್ಲಿ ಉಂಟು. ಬರೆಯುವ ಹಲಗೆಯ ಮೇಲಂಚಿನಲ್ಲಿ ಮಸಿಕುಡಿಕೆ ಇಡಲು ಒಂದು ದುಂಡು ತೂತು. ಮಸಿಕುಡಿಕೆಯ ಕಾಲ ಮುಗಿದ ಮೇಲೂ ಬಡಗಿಗಳು ಆ ತೂತನ್ನು ಕೊರೆಯುತ್ತಲೇ ಇದ್ದರು. ಮಕ್ಕಳು ಅದರಲ್ಲಿ ಪೆನ್ಸಿಲ್ ಹೆರೆದ ಸಿಪ್ಪೆ ತುಂಬುತ್ತಿದ್ದರು. ಹಲಗೆಯ ಮೇಲೆ ಕೈವಾರದ ಮೊನೆಯಿಂದ ಕೊರೆದ ಹೆಸರುಗಳು, ಒಂದರ ಮೇಲೊಂದು, ತಲೆಮಾರುಗಟ್ಟಲೆ. ಅದು ಎಷ್ಟು ಭಾರವೆಂದರೆ ನಾಲ್ಕು ಹುಡುಗರು ಸೇರಿದರೂ ಅಲ್ಲಾಡದು. ಅಲ್ಲಾಡಬಾರದೆಂದೇ ಹಾಗೆ ಮಾಡಿದ್ದು. ಡೆಸ್ಕು ಅಲ್ಲಾಡದಿದ್ದರೆ ಮಕ್ಕಳೂ ಅಲ್ಲಾಡುವುದಿಲ್ಲ ಎಂದು ಯಾರೋ ಲೆಕ್ಕ ಹಾಕಿರಬೇಕು.

ಕಿಟಕಿಗೂ ಒಂದು ಲೆಕ್ಕವಿತ್ತು. ಬೋರ್ಡಿಗೆ ಮುಖ ಮಾಡಿ ಕೂತರೆ ಬೆಳಕು ಎಡಗಡೆಯಿಂದ ಬೀಳಬೇಕು ಎಂಬುದು 19ನೇ ಶತಮಾನದ ಯೂರೋಪಿನ ಶಾಲೆ ಕಟ್ಟುವವರ ಕಟ್ಟುನಿಟ್ಟಿನ ನಿಯಮ. ಲಂಡನ್ ಶಾಲಾ ಮಂಡಳಿಯ ವಾಸ್ತುಶಿಲ್ಪಿ ಇ.ಆರ್. ರಾಬ್ಸನ್ 1874ರಲ್ಲಿ ಶಾಲಾ ಕಟ್ಟಡಗಳ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದ. ಅದರಲ್ಲೂ ಎಡ ಬೆಳಕಿನ ವಾದವಿದೆ. ಬಲಗೈಯಲ್ಲಿ ಬರೆಯುವಾಗ ಕೈಯ ನೆರಳು ಹಾಳೆಯ ಮೇಲೆ ಬೀಳದಿರಲಿ ಎಂಬ ಕಾಳಜಿ ಅದು. ಒಳ್ಳೆಯದೇ. ಎಡಗೈಯಲ್ಲಿ ಬರೆಯುವ ಮಗು ಏನು ಮಾಡಬೇಕು? ಅದಕ್ಕೂ ಆ ಕಾಲದಲ್ಲಿ ಉತ್ತರವಿತ್ತು: ಎಡಗೈಗೆ ಏಟು ಕೊಟ್ಟು ಬಲಗೈಗೆ ಬಳಪ ಕೊಡುವುದು. ಮಗುವಿಗೆ ತಕ್ಕ ಕಿಟಕಿ ಮಾಡುವ ಬದಲು ಕಿಟಕಿಗೆ ತಕ್ಕ ಮಗುವನ್ನು ಮಾಡಿದರು. ಶಾಲೆಯ ಕಟ್ಟಡದ ಇತಿಹಾಸದಲ್ಲಿ ಇಂಥದ್ದು ಮತ್ತೆ ಮತ್ತೆ ಎದುರಾಗುತ್ತದೆ.

ಹಾಗಾದರೆ ಈ ಸಾಲು ಬೆಂಚು ನಮ್ಮಲ್ಲಿಗೆ ಬಂದದ್ದು ಎಲ್ಲಿಂದ? ಇಂಗ್ಲಿಷರಿಂದ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಕಥೆಯಲ್ಲಿ ಒಂದು ತಮಾಷೆಯ ತಿರುವು ಇದೆ. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್‌ಲೆಂಡಿನ ಪಾದ್ರಿ 1789ರಲ್ಲಿ ಮದರಾಸಿನ ಅನಾಥ ಗಂಡುಮಕ್ಕಳ ಆಶ್ರಮಕ್ಕೆ ಮೇಲ್ವಿಚಾರಕನಾದ. ಒಂದು ದಿನ ದಾರಿಯಲ್ಲಿ ಹೋಗುವಾಗ ಊರ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ಕಾಗದ ಬೇಡ, ಮಸಿ ಬೇಡ, ತಪ್ಪಾದರೆ ಅಂಗೈಯಿಂದ ಒರೆಸಿದರಾಯಿತು. ಆಶ್ರಮಕ್ಕೆ ಬಂದು ತನ್ನ ಉಪಾಧ್ಯಾಯರಿಗೆ ಹೀಗೆ ಕಲಿಸಿ ಎಂದ. ಅವರು ಆಗುವುದಿಲ್ಲ ಎಂದರು. ಉಪಾಧ್ಯಾಯರು ಯಾವ ಕಾಲದಲ್ಲಿ ತಾನೇ ಸುತ್ತೋಲೆಗೆ ಒಪ್ಪಿದ್ದಾರೆ! ಬೆಲ್ ಬಿಡಲಿಲ್ಲ, ಎಂಟು ವರ್ಷದ ಹುಡುಗನೊಬ್ಬನನ್ನು ಹಿಡಿದು ಚಿಕ್ಕ ಮಕ್ಕಳಿಗೆ ಅವನಿಂದಲೇ ಕಲಿಸಿದ. ಬಲ್ಲ ಮಗು ಅರಿಯದ ಮಗುವಿಗೆ ಹೇಳಿಕೊಡುವ ಆ ಪದ್ಧತಿ, ಅವನು 1797ರಲ್ಲಿ ವರದಿ ಪ್ರಕಟಿಸಿದ ಮೇಲೆ, ಮದರಾಸ್ ಪದ್ಧತಿ ಎಂಬ ಹೆಸರಿನಲ್ಲಿ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ಅದೇ ಕಾಲದಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತ ಲಂಡನ್ನಿನಲ್ಲಿ ಇಂಥದೇ ಶಾಲೆ ತೆರೆದ. ಅವನ ದೊಡ್ಡ ಹಾಲಿನಲ್ಲಿ ನೂರಾರು ಮಕ್ಕಳು ಉದ್ದುದ್ದ ಬೆಂಚುಗಳ ಮೇಲೆ ಸಾಲಾಗಿ ಕೂತರು, ಸಾಲಿಗೊಬ್ಬ ಮಾನಿಟರ್. ನೆಲದ ಮೇಲೆ ಗುಂಪಾಗಿ ಕೂತು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದದ್ದು ಅಲ್ಲಿಗೆ ಹೋಗಿ ಕವಾಯತಾಯಿತು. ಅಂಥ ಕವಾಯತು ಕಲಿತ ದೇಶದವರೇ ಆಮೇಲೆ ನಮಗೆ ಶಾಲೆ ಕಟ್ಟಲು ಬಂದರು. ನಮ್ಮ ಕ್ಲಾಸುಗಳಲ್ಲಿ ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವ ಮಾನಿಟರ್ ಎಂಬ ಅಧಿಕಾರಿ ಇದ್ದಾನಲ್ಲ, ಅವನ ಮೂಲಪುರುಷರು ಲ್ಯಾಂಕಾಸ್ಟರನ ಹಾಲಿನ ಆ ಮಾನಿಟರುಗಳೇ. ಕಲಿಸುವ ಕೆಲಸ ಅವನ ಕೈಯಿಂದ ಎಂದೋ ಜಾರಿಹೋಯಿತು; ಚಾಡಿ ಹೇಳುವ ಕೆಲಸ ಮಾತ್ರ ಉಳಿಯಿತು.

ಇದನ್ನೆಲ್ಲ ಹೇಳಿದ ಕೂಡಲೇ ‘ನೋಡಿದಿರಾ, ನಮ್ಮ ಪೂರ್ವಿಕರು ಎಂಥವರು’ ಎಂದು ಎದೆ ಉಬ್ಬಿಸುವವರು ಇದ್ದಾರೆ. ನಮ್ಮ ಹಳೆಯ ಊರ ಶಾಲೆಗಳಾದ ಕೂಲಿಮಠಗಳಲ್ಲಿ ಒಳ್ಳೆಯದಿತ್ತು ಎಂಬುದು ನಿಜ. ಯಾರದೋ ಮನೆಯ ಜಗಲಿ, ಗುಡಿಯ ಪ್ರಾಂಗಣ, ಮರದ ನೆರಳು, ಎಲ್ಲಾದರೂ ಸೈ. ಹಲಗೆಯ ಮೇಲೋ ನೆಲದ ಮೇಲೋ ಮರಳು, ಸ್ವಲ್ಪ ಪಳಗಿದ ಮೇಲೆ ಮಸಿ ಬಳಿದ ಬಟ್ಟೆಯ ಕಡತ, ಅದರ ಮೇಲೆ ಬಳಪ. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂತು, ಒಬ್ಬ ವರ್ಣಮಾಲೆ ತಿದ್ದುವಾಗ ಇನ್ನೊಬ್ಬ ಮಗ್ಗಿ ಒಪ್ಪಿಸುತ್ತಿದ್ದ. ಅದೇ ಮಠದಲ್ಲಿ ಕೋದಂಡವೂ ಇತ್ತಲ್ಲ! ತೊಲೆಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ಜೋತುಬೀಳಿಸಿ ಬಾರಿಸುತ್ತಿದ್ದ ಐಗಳೂ ಆ ಮಠದವರೇ.

ಅದಕ್ಕಿಂತ ದೊಡ್ಡ ಮಾತು, ಆ ಜಗಲಿಯ ಮೇಲೆ ಎಲ್ಲರಿಗೂ ಜಾಗವಿರಲಿಲ್ಲ ಎಂಬುದು. ಸರ್ಕಾರಿ ಶಾಲೆಗಳು ಬಂದ ಮೇಲೂ ಜಾಗ ಸಲೀಸಾಗಿ ಸಿಗಲಿಲ್ಲ. ಸಾತಾರೆಯ ಶಾಲೆಯಲ್ಲಿ ಓದುತ್ತಿದ್ದ ಹುಡುಗನೊಬ್ಬ ಕೂರಲು ತನ್ನದೇ ಒಂದು ಗೋಣಿತಟ್ಟು ಮನೆಯಿಂದ ತರಬೇಕಿತ್ತು, ಸಂಜೆ ಅದನ್ನು ಮನೆಗೆ ಹೊತ್ತೊಯ್ಯಬೇಕಿತ್ತು; ಶಾಲೆಯ ಜವಾನ ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸುವವರೆಗೆ ಕಾಯಬೇಕಿತ್ತು. ಆ ಹುಡುಗ ಅಂಬೇಡ್ಕರ್. ಅವರ ನೆನಪಿನ ಬರಹಗಳಲ್ಲಿ ಇದು ಬರುತ್ತದೆ. ಶಾಲೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದು ಬರೀ ಬಡಗಿಯ ಕೆಲಸ ಎಂದುಕೊಂಡವರು ಆ ಗೋಣಿತಟ್ಟನ್ನು ನೆನೆಯಬೇಕು. ಹಾಗಾಗಿ ಹೊಸ ಬಗೆಯ ಶಾಲೆಯ ಮಾತು ಬಂದಾಗಲೆಲ್ಲ ನನಗೆ ಮೊದಲು ಬರುವ ಪ್ರಶ್ನೆ ಗೋಡೆಯ ಬಣ್ಣದ್ದಲ್ಲ. ಈ ಕೋಣೆಯಲ್ಲಿ ಯಾರು ಎಲ್ಲಿ ಕೂರಬೇಕು, ಯಾವಾಗ ಏಳಬಹುದು ಎಂದು ತೀರ್ಮಾನಿಸುವವರು ಯಾರು?

ಈಚೆಗೆ ಕೇರಳದಲ್ಲಿ ಈ ಪ್ರಶ್ನೆಯನ್ನು ಒಂದು ಸಿನಿಮಾ ಎತ್ತಿತು. 2024ರಲ್ಲಿ ಬಂದ ‘ಸ್ಥಾನಾರ್ಥಿ ಶ್ರೀಕುಟ್ಟನ್’ ಎಂಬ ಮಲಯಾಳಂ ಚಿತ್ರದಲ್ಲಿ ಕೊನೆಯ ಬೆಂಚೇ ಇಲ್ಲದಂತೆ ಮಕ್ಕಳನ್ನು ಗೋಡೆಗುಂಟ ಇಂಗ್ಲಿಷಿನ ‘ಯು’ ಅಕ್ಷರದ ಆಕಾರದಲ್ಲಿ ಕೂರಿಸುವ ಉಪಾಯವಿದೆ. ಮರುವರ್ಷ ಅಲ್ಲಿನ ಕೆಲವು ಶಾಲೆಗಳು ನಿಜವಾಗಿಯೂ ಬೆಂಚು ತಿರುಗಿಸಿಟ್ಟವು. ಸುದ್ದಿ ಅಲ್ಲಿಂದ ಬೇರೆ ರಾಜ್ಯಗಳಿಗೂ ಹಬ್ಬಿತು. ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ಟರಿಗೆ ಇದನ್ನು ಉತ್ಸಾಹದಿಂದ ಹೇಳಿದೆ. ಅವರು ನಶ್ಯದ ಡಬ್ಬಿ ತೆಗೆದರು.

“ಅಲ್ಲ ಸ್ವಾಮಿ, ಇಪ್ಪತ್ತಡಿ ಕೋಣೇಲಿ ಐವತ್ತು ಹುಡುಗರನ್ನ ಯು ಮಾಡೋಕಾಗುತ್ತಾ? ಯು ಒಳಗೆ ಇನ್ನೊಂದು ಯು, ಅದರೊಳಗೆ ಮತ್ತೊಂದು ಯು. ಹೊರಗಿನ ಯು ಇದೆಯಲ್ಲ, ಅದೇ ಲಾಸ್ಟ್ ಬೆಂಚು ಆಯ್ತು ನೋಡಿ.”

“ಹಾಗಾದ್ರೆ ಬೇಡ ಅಂತೀರಾ ಸಾರ್?”

“ಬೇಡ ಅಂದ್ನಾ? ನಾನೇನ್ ಹೇಳಿದ್ದು, ಬೆಂಚು ತಿರುಗಿಸಿದ್ರೆ ಸಾಲ್ದು, ಮೇಷ್ಟ್ರೂ ತಿರುಗಾಡ್ಬೇಕು. ಕುರ್ಚಿ ಬಿಟ್ಟೇಳದ ಮೇಷ್ಟ್ರಿಗೆ ಎಲ್ಲಾ ಬೆಂಚೂ ಲಾಸ್ಟ್ ಬೆಂಚೇ.”

ನಶ್ಯ ಏರಿಸಿದ ಮೇಲೆ ಅವರು ಇನ್ನೇನೂ ಹೇಳಲಿಲ್ಲ. ಹೇಳಬೇಕಾದದ್ದೂ ಇರಲಿಲ್ಲ.

ಮೇಷ್ಟ್ರು ಕುರ್ಚಿ ಬಿಟ್ಟೆದ್ದ ಒಂದು ಪ್ರಯೋಗ ನಮ್ಮ ಸರ್ಕಾರಿ ಶಾಲೆಗಳಲ್ಲೇ ನಡೆದಿದೆ. ಅದಕ್ಕೆ ಯಾವ ಜಾಹೀರಾತೂ ಇಲ್ಲದ್ದರಿಂದ ಪೇಟೆಯ ತಂದೆತಾಯಿಗಳಿಗೆ ಗೊತ್ತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿ ಸುತ್ತಲ ಹಳ್ಳಿಯ ಮಕ್ಕಳಿಗಾಗಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಾರ್ಡುಗಳನ್ನು ಬರೆದು ಶುರುಮಾಡಿದ್ದು ನಲಿ-ಕಲಿ. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ಚೆನ್ನಾಗಿ ನಡೆಯುವ ನಲಿ-ಕಲಿ ಕೋಣೆಯೊಂದಕ್ಕೆ ಒಮ್ಮೆ ಕಾಲಿಡಿ. ಬೆಂಚಿಲ್ಲ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ನೆಲದ ಮೇಲೆ ದುಂಡಗೆ ಗುಂಪು ಗುಂಪಾಗಿ ಕೂತಿರುತ್ತಾರೆ. ಈ ಗುಂಪುಗಳಿಗೆ ತಟ್ಟೆ ಎಂದು ಹೆಸರು. ಒಂದು ತಟ್ಟೆಯಲ್ಲಿ ಶಿಕ್ಷಕಿ ಜೊತೆಯಲ್ಲೇ ಕೂತು ಕಲಿಸುತ್ತಾರೆ, ಇನ್ನೊಂದರಲ್ಲಿ ಬಲ್ಲ ಗೆಳತಿಯ ನೆರವು, ಮತ್ತೊಂದರಲ್ಲಿ ಮಗು ತಾನೇ ತಾನಾಗಿ ಕಲಿಯುವುದು. ಗೋಡೆಯ ಮೇಲೆ ಕಲಿಕಾ ಏಣಿ: ಯಾವ ಮೆಟ್ಟಿಲಿನ ನಂತರ ಯಾವುದು ಎಂದು ಚಿತ್ರದ ಗುರುತುಗಳು. ಮಗು ಏಣಿ ನೋಡುತ್ತದೆ, ತನ್ನ ಗುರುತನ್ನು ಹುಡುಕುತ್ತದೆ, ಟ್ರೇಯಿಂದ ಅದೇ ಗುರುತಿನ ಕಾರ್ಡು ಎತ್ತಿಕೊಂಡು ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ಜ್ವರ ಬಂದು ವಾರ ಶಾಲೆ ತಪ್ಪಿಸಿದ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಪಾಠ ಅದನ್ನು ಬಿಟ್ಟು ಮುಂದೆ ಓಡಿರುವುದಿಲ್ಲ. ಗೋಡೆಯ ಕೆಳಭಾಗದಲ್ಲಿ, ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ, ಸುತ್ತಲೂ ಕರಿಹಲಗೆಯ ಪಟ್ಟಿ, ಒಬ್ಬೊಬ್ಬರಿಗೂ ಅವರವರ ಚೌಕ. ತಲೆಯ ಮೇಲೆ ಗೋಡೆಯಿಂದ ಗೋಡೆಗೆ ದಾರ ಕಟ್ಟಿದ ಚಪ್ಪರ. ಅದರಿಂದ ಮಕ್ಕಳು ಬಿಡಿಸಿದ ಚಿತ್ರ, ಕತ್ತರಿಸಿದ ಕಾಗದದ ಹಕ್ಕಿ ತೂಗುತ್ತಿರುತ್ತವೆ.

ಸಾಲು ಬೆಂಚಿನ ಪಾಠ ಮದುವೆಮನೆಯ ಪಂಕ್ತಿಯ ಹಾಗೆ. ಬಡಿಸುವವನು ಒಂದು ಕಡೆಯಿಂದ ಬರುತ್ತಾನೆ. ನಿಮ್ಮ ಎಲೆಯ ಮೇಲೆ ಸಾರು ಇನ್ನೂ ಹರಿಯುತ್ತಿರುವಾಗಲೇ ಪಾಯಸ ಬಂದುಬಿಡುತ್ತದೆ. ಪಂಕ್ತಿಯಲ್ಲಾದರೂ ಕೈ ಅಡ್ಡ ಹಿಡಿದು ‘ಸ್ವಲ್ಪ ತಾಳಿ’ ಎನ್ನಬಹುದು. ಕ್ಲಾಸಿನಲ್ಲಿ ಹಾಗೆಂದರೆ ಎಬ್ಬಿಸಿ ನಿಲ್ಲಿಸುತ್ತಾರೆ. ನಲಿ-ಕಲಿ ಮಾಡಿದ ದೊಡ್ಡ ಕೆಲಸವೆಂದರೆ ಆ ತಾಳಿ ಎನ್ನುವ ಹಕ್ಕನ್ನು ಮಗುವಿಗೆ ಕೊಟ್ಟದ್ದು. ಅದಕ್ಕಾಗಿ ಹೊಸ ಕಟ್ಟಡ ಬೇಕಾಗಲಿಲ್ಲ. ಅದೇ ಚೌಕದ ಕೋಣೆ. ಬೆಂಚು ಹೊರಗೆ ಹೋಯಿತು, ಕರಿಹಲಗೆ ಕೆಳಗಿಳಿಯಿತು, ಮೇಷ್ಟ್ರು ನೆಲಕ್ಕೆ ಬಂದರು.

ಎಲ್ಲ ಕಡೆಯೂ ಹೀಗೆ ನಡೆಯುತ್ತದೆ ಎಂದರೆ ಶಿಕ್ಷಕರೇ ನಗುತ್ತಾರೆ. ಕಾರ್ಡು ಹರಿದುಹೋಗಿ ಹೊಸದು ಬಾರದ ಶಾಲೆಗಳಿವೆ. ಒಬ್ಬ ಶಿಕ್ಷಕಿಗೆ ಮೂರು ತರಗತಿ, ಜೊತೆಗೆ ಜನಗಣತಿ, ಮತದಾರರ ಪಟ್ಟಿ, ಮೊಟ್ಟೆಯ ಲೆಕ್ಕ. ನಾಲ್ಕನೆಯ ತರಗತಿಗೆ ಬಂದ ಕೂಡಲೇ ಮಗು ಮತ್ತೆ ಬೆಂಚಿಗೇ ಏರುತ್ತದೆ. ಮೂರು ವರ್ಷ ತಾನೇ ಎದ್ದು ಕಾರ್ಡು ತಂದುಕೊಂಡ ಮಗುವಿಗೆ ‘ಅಲ್ಲಾಡದೆ ಕೂತ್ಕೋ’ ಎಂದರೆ ಅದಕ್ಕೆ ಏನನ್ನಿಸಬೇಡ!

ನಮ್ಮಲ್ಲಿ ಇಂಥ ಯೋಚನೆ ಹೊಸದೇನೂ ಅಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಕುಣಿತ, ಚಿತ್ರ, ನಾಟಕಗಳನ್ನೇ ಪಾಠವಾಗಿಸಲು ಹೊರಟಿದ್ದರು. ಕೋಲಾರ ಜಿಲ್ಲೆಯ ಮೂಲೆಯಲ್ಲಿ, ರಾಯಲ್ಪಾಡಿನ ಬಳಿ, ಡೇವಿಡ್ ಹಾರ್ಸ್‌ಬರೋ ಎಂಬ ಇಂಗ್ಲಿಷ್ ಮೇಷ್ಟ್ರು 1972ರಲ್ಲಿ ನೀಲ್‌ಬಾಗ್ ಎಂಬ ಶಾಲೆ ತೆರೆದರು. ಸುತ್ತಲ ಹಳ್ಳಿಯ ಮಕ್ಕಳು, ತರಗತಿಗಳ ವಿಂಗಡಣೆ ಇಲ್ಲ, ಪರೀಕ್ಷೆಯ ಭಯವಿಲ್ಲ. ಲೆಕ್ಕ, ಭಾಷೆಗಳ ಜೊತೆಯಲ್ಲೇ ಮರಗೆಲಸ, ಕುಂಬಾರಿಕೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಮದರಾಸಿನ ಮರಳಿನಿಂದ ಹೊರಟ ಉಪಾಯ ಲಂಡನ್ ಸುತ್ತಿ ಕೆಟ್ಟು, ಒಬ್ಬ ಇಂಗ್ಲಿಷ್ ಮೇಷ್ಟ್ರ ಕೈಯಲ್ಲಿ ಕೋಲಾರದಲ್ಲಿ ರಿಪೇರಿಯಾಯಿತು ಎಂದುಕೊಂಡರೆ ಸಣ್ಣ ಸಮಾಧಾನ.

ಕಟ್ಟಡವನ್ನೇ ಪಾಠ ಮಾಡುವ ಜಾಣತನವೂ ಒಂದಿದೆ. ದೆಹಲಿಯ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಅವರ ಬಳಗ ‘ಬಾಲಾ’ ಎಂಬ ಹೆಸರಿನಲ್ಲಿ ಶುರುಮಾಡಿದ ಈ ಉಪಾಯಗಳು ಆಮೇಲೆ ಹಲವು ರಾಜ್ಯಗಳ ಸರ್ಕಾರಿ ಶಾಲೆಗಳಿಗೆ ಬಂದವು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಬಾಗಿಲಿನ ಕೋನಮಾಪಕ. ಬಾಗಿಲು ತೆರೆಯುವಾಗ ಅದರ ತುದಿ ನೆಲದ ಮೇಲೆ ಕಮಾನಿನಂತೆ ಸಾಗುತ್ತದಲ್ಲ, ಆ ನೆಲದ ಮೇಲೆ ಕೋನಗಳ ಗೆರೆ ಎಳೆದು 30, 45, 60, 90 ಎಂದು ಬರೆಯುವುದು. ತಡವಾಗಿ ಬಂದ ಹುಡುಗ ಬಾಗಿಲನ್ನು ಮೆಲ್ಲಗೆ ತಳ್ಳಿ ಇಣುಕಿದರೆ ಅವನು 30 ಡಿಗ್ರಿಯಲ್ಲಿ ಇಣುಕಿದ್ದಾನೆ ಎಂದು ಕ್ಲಾಸಿಗೆಲ್ಲ ಗೊತ್ತಾಗುತ್ತದೆ. ಕಿಟಕಿಯ ಸರಳುಗಳನ್ನೇ ಬೆರಳಿನಿಂದ ಸವರಿ ಅಕ್ಷರದ ತಿರುವು ಕಲಿಯುವ ಹಾಗೆ ಬಾಗಿಸುವುದು, ಮೆಟ್ಟಿಲಿಗೆ ಅಂಕಿ, ಕಂಬಕ್ಕೆ ಅಳತೆಪಟ್ಟಿ. ಖರ್ಚು ಒಂದು ಡಬ್ಬಿ ಪೇಂಟು.

ಆದರೆ ಪೇಂಟಿನ ಡಬ್ಬಿ ಸಿಕ್ಕಿದರೆ ನಾವು ಬಿಡುವವರೇ? ಶಾಲೆಯ ಗೋಡೆಗೆ ರೈಲಿನ ಚಿತ್ರ ಬರೆಯುವ ಹುಚ್ಚು ರಾಜ್ಯಕ್ಕೆಲ್ಲ ಹಿಡಿಯಿತು. ಕೋಣೆಗಳು ಬೋಗಿ, ಜಗಲಿ ಪ್ಲಾಟ್‌ಫಾರಂ, ಹೆಡ್‌ಮಾಸ್ಟರ ಕೋಣೆ ಇಂಜಿನ್. ಮೈಸೂರಿನ ಅಶೋಕಪುರಂನಲ್ಲಿ ರೈಲ್ವೆಯವರು ನಿಜವಾದ ಹಳೆಯ ಬೋಗಿಗಳನ್ನೇ ಶಾಲೆಗೆ ತರಗತಿಗಳಾಗಿ ಮಾಡಿಕೊಟ್ಟದ್ದೂ ಉಂಟು. ಮಕ್ಕಳಿಗೆ ಖುಷಿಯಾಗುತ್ತದೆ; ಅದು ಸಣ್ಣ ಮಾತಲ್ಲ. ರೈಲು ಶಾಲೆಯ ಮೂಲ ಟೋಕಿಯೋದಲ್ಲಿದೆ. ಸೊಸಾಕು ಕೊಬಾಯಾಶಿ ಎಂಬ ಮೇಷ್ಟ್ರು 1937ರಲ್ಲಿ ತೆರೆದ ತೊಮೊಯೆ ಶಾಲೆಯ ತರಗತಿಗಳು ನಿಜವಾದ ರೈಲು ಬೋಗಿಗಳು. 1945ರ ಬಾಂಬು ದಾಳಿಯಲ್ಲಿ ಅದು ಸುಟ್ಟುಹೋಯಿತು. ಅಲ್ಲಿ ಓದಿದ ತೆತ್ಸುಕೊ ಕುರೊಯಾನಾಗಿ ಬರೆದ ‘ತೊತ್ತೋಚಾನ್’ ಕನ್ನಡಕ್ಕೂ ಬಂದಿದೆ. ನಮ್ಮ ಶಿಕ್ಷಕರಲ್ಲಿ ಅನೇಕರು ಅದನ್ನು ಓದಿದ್ದಾರೆ. ಆ ಪುಸ್ತಕವನ್ನು ಓದಿದವರಿಗೆ ಬೋಗಿ ನೆನಪಿರುತ್ತದೆ. ನೆನಪಿರಬೇಕಾದದ್ದು ಇನ್ನೊಂದು: ಅಲ್ಲಿ ಮಕ್ಕಳು ತಮಗೆ ಬೇಕಾದ ಜಾಗದಲ್ಲಿ ಕೂರಬಹುದಿತ್ತು, ದಿನದ ಪಾಠಗಳಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ತಾವೇ ಆರಿಸಿಕೊಳ್ಳಬಹುದಿತ್ತು. ನಾವು ಬೋಗಿಯ ಚಿತ್ರ ಬರೆದೆವು. ಒಳಗಿನ ಬೆಂಚು ಅಲ್ಲಾಡಲಿಲ್ಲ.

ಅದೇ ಟೋಕಿಯೋದ ತಾಚಿಕಾವಾದಲ್ಲಿ 2007ರಲ್ಲಿ ತೆಜುಕಾ ಎಂಬ ವಾಸ್ತುಶಿಲ್ಪಿ ದಂಪತಿ ಫುಜಿ ಶಿಶುವಿಹಾರ ಕಟ್ಟಿದರು. ದೊಡ್ಡ ಮೊಟ್ಟೆಯಾಕಾರದ ಒಂದಂತಸ್ತಿನ ಕಟ್ಟಡ, ನಡುವೆ ಅಂಗಳ. ಸೂರೇ ಆಟದ ಬಯಲು. ಮಕ್ಕಳು ಅದರ ಮೇಲೆ ಸುತ್ತು ಹಾಕುತ್ತ ಓಡುತ್ತಾರೆ, ಕೊನೆಯಿಲ್ಲದ ಓಟ. ಜಾಗದಲ್ಲಿದ್ದ ದೊಡ್ಡ ಮರಗಳನ್ನು ಕಡಿಯದೆ ಸೂರಿಗೆ ತೂತು ಬಿಟ್ಟು ಅವು ಮೇಲೆ ಬರುವಂತೆ ಮಾಡಿದ್ದಾರೆ. ಕೆಳಗೆ ಕೋಣೆ ಕೋಣೆಗೂ ನಡುವೆ ಗೋಡೆಯಿಲ್ಲ. ಪಕ್ಕದ ಕ್ಲಾಸಿನ ಗಲಾಟೆ ಕೇಳಿಸುವುದಿಲ್ಲವೇ ಎಂದರೆ, ಕೇಳಿಸಲಿ, ಮಕ್ಕಳು ಕಾಡಿನಲ್ಲೂ ಸಂತೆಯಲ್ಲೂ ಗಮನ ಕೊಡಬಲ್ಲರು ಎಂಬ ಧೋರಣೆ ಅವರದು.

ಇದನ್ನು ಓದಿ ನಾಳೆಯೇ ಗೋಡೆ ಒಡೆಯಲು ಗುದ್ದಲಿ ಎತ್ತಬೇಡಿ. 1960, 70ರ ದಶಕಗಳಲ್ಲಿ ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಗೋಡೆಯಿಲ್ಲದ ಶಾಲೆಗಳ ಅಲೆ ಎದ್ದಿತ್ತು. ದೊಡ್ಡ ಹಾಲುಗಳಲ್ಲಿ ನಾಲ್ಕೈದು ಕ್ಲಾಸುಗಳನ್ನು ಒಟ್ಟಿಗೆ ನಡೆಸಿದರು. ಕಲಿಸುವ ರೀತಿ ಮಾತ್ರ ಹಳೆಯದೇ ಉಳಿಯಿತು. ನಾಲ್ವರು ಮೇಷ್ಟ್ರು ಒಂದೇ ಹಾಲಿನಲ್ಲಿ ಏಕಕಾಲಕ್ಕೆ ಗಟ್ಟಿಯಾಗಿ ಪಾಠ ಹೇಳಿದರೆ ಏನಾಗಬೇಕೋ ಅದೇ ಆಯಿತು. ಮೊದಲು ಬೀರುಗಳನ್ನು ಅಡ್ಡ ಇಟ್ಟರು, ಆಮೇಲೆ ತಟ್ಟಿ ಕಟ್ಟಿದರು, ಕಡೆಗೆ ಅನೇಕ ಕಡೆ ಗೋಡೆಯನ್ನೇ ಎಬ್ಬಿಸಿದರು. ಗೋಡೆ ಕೆಡವಿದ ಹಣವೂ ಹೋಯಿತು, ಕಟ್ಟಿದ ಹಣವೂ ಹೋಯಿತು.

ನಮಗೆ ಟೋಕಿಯೋಗಿಂತ ಹತ್ತಿರದ ಪಾಠ ಆಫ್ರಿಕಾದಲ್ಲಿದೆ. ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯ ಫ್ರಾನ್ಸಿಸ್ ಕೆರೆ, ನೂರಕ್ಕೂ ಹೆಚ್ಚು ಮಕ್ಕಳು ತುಂಬಿದ ಕುದಿಯುವ ಕೋಣೆಯಲ್ಲಿ ಓದಿದವರು. ಜರ್ಮನಿಯಲ್ಲಿ ವಾಸ್ತುಶಿಲ್ಪ ಕಲಿಯುತ್ತಿರುವಾಗಲೇ ಹಣ ಕೂಡಿಸಿ, ಊರವರನ್ನೇ ಸೇರಿಸಿಕೊಂಡು, ಅಲ್ಲಿನ ಮಣ್ಣಿನ ಇಟ್ಟಿಗೆಯಿಂದ 2001ರಲ್ಲಿ ಊರಿಗೊಂದು ಶಾಲೆ ಕಟ್ಟಿದರು. ತಗಡಿನ ಸೂರನ್ನು ಗೋಡೆಯ ಮೇಲೆ ನೇರ ಕೂರಿಸದೆ, ಇಟ್ಟಿಗೆಯ ಒಳಮಾಳಿಗೆಯಿಂದ ಸಾಕಷ್ಟು ಮೇಲೆ ಎತ್ತಿ ನಿಲ್ಲಿಸಿದರು. ಒಳಗಿನ ಬಿಸಿಗಾಳಿ ಮಾಳಿಗೆಯ ಸಂದುಗಳಿಂದ ಮೇಲೇರಿ, ನಡುವಿನ ಜಾಗದಲ್ಲಿ ಬೀಸುವ ಗಾಳಿಯೊಡನೆ ಹೊರಟುಹೋಗುತ್ತದೆ. ಫ್ಯಾನಿಲ್ಲದೆ ಕೋಣೆ ತಂಪು. 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ಅತಿದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಕೆಳಗೆ ಕೂತ ಮಕ್ಕಳ ಬಗ್ಗೆ ಯೋಚಿಸುವ ಇಂಜಿನಿಯರು ಯಾರಾದರೂ ಇದ್ದರೆ ಈ ಶಾಲೆಯ ನಕ್ಷೆ ನೋಡಲಿ.

ನಮ್ಮ ಹಳೆಯ ಹೆಂಚಿನ ಶಾಲೆಗಳಿಗೂ ಈ ಬುದ್ಧಿ ಇತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ಎಷ್ಟೋ ಶಾಲೆಗಳ ತಲೆಯ ಮೇಲೆ ಕೂತಿತು. ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತಿತ್ತು. ನಡುನಡುವೆ ಒಂದೆರಡು ಗಾಜಿನ ಹೆಂಚು. ಅದರಿಂದ ಇಳಿದ ಬಿಸಿಲಿನ ಚೌಕ ಬೆಳಗ್ಗೆ ಗೋಡೆಯ ಮೇಲಿದ್ದದ್ದು ಮಧ್ಯಾಹ್ನಕ್ಕೆ ನೆಲಕ್ಕೆ ಬರುತ್ತಿತ್ತು. ಮೂರನೆಯ ಸಾಲಿನ ಡೆಸ್ಕಿಗೆ ಮುಟ್ಟಿದರೆ ಊಟದ ಬೆಲ್ಲು ಎಂದು ಮಕ್ಕಳಿಗೆ ಗೊತ್ತಿತ್ತು. ಸೂರ್ಯ ಹೇಗೆ ಸಾಗುತ್ತಾನೆ ಎಂಬ ಪಾಠ ಪುಸ್ತಕದಲ್ಲಿ ಬರುವ ಮೊದಲೇ ನೆಲದ ಮೇಲೆ ನಡೆದುಹೋಗಿರುತ್ತಿತ್ತು. ಈಗ ಹೆಂಚು ತೆಗೆದು ಆರ್‌ಸಿಸಿ ಹಾಕುತ್ತೇವೆ. ಕೋತಿಯ ಕಾಟ ತಪ್ಪಿತು, ಸೋರುವುದು ನಿಂತಿತು, ಒಪ್ಪೋಣ. ಬೇಸಿಗೆಯಲ್ಲಿ ಆ ಕೋಣೆಯಲ್ಲಿ ಅರ್ಧ ಗಂಟೆ ಕೂತು ನೋಡಿ.

ಇತ್ತ ಬೆಂಗಳೂರಿನಂಥ ಊರುಗಳಲ್ಲಿ ಹೊಸ ಬಗೆಯ ಶಾಲೆಯೆಂದರೆ ಬೇರೆಯದೇ ಲೋಕ. ಗಾಜಿನ ಗೋಡೆ, ಏಸಿ, ಬೀನ್ ಬ್ಯಾಗು, ಗಾಲಿ ಹಚ್ಚಿದ ಮೇಜು, ಗೋಡೆಯಷ್ಟು ದೊಡ್ಡ ಸ್ಮಾರ್ಟ್ ಬೋರ್ಡು. ಜಾಹೀರಾತಿನಲ್ಲಿ ಮಗು ಸದಾ ನಗುತ್ತಿರುತ್ತದೆ. ಒಳಗೆ ಹೋದರೆ ಅದೇ ಮಗು ಬೀನ್ ಬ್ಯಾಗಿನ ಮೇಲೆ ಕೂತು ಅದೇ ಪ್ರಶ್ನೋತ್ತರವನ್ನು ಉರು ಹೊಡೆಯುತ್ತಿರುತ್ತದೆ. ಮೇಜಿಗೆ ಗಾಲಿ ಇದೆ. ಟೀಚರ ಅಪ್ಪಣೆಯಿಲ್ಲದೆ ಅದು ಉರುಳುವುದಿಲ್ಲ. ಬೆಂಚಿಗೆ ಬೆಲೆ ಹೆಚ್ಚಾಯಿತು, ಅಷ್ಟೇ.

ಹಳ್ಳಿಯ ಶಾಲೆಯಲ್ಲಿ ಇದೇ ಕಾಯಿಲೆಗೆ ಬೇರೆ ಲಕ್ಷಣ. ಅಲ್ಲಿ ಎಲ್ಲದಕ್ಕೂ ಬೀಗ. ದಾನಿಗಳು ಕೊಟ್ಟ ಟಿವಿಗೆ ಬಟ್ಟೆ ಹೊದಿಸಿ, ಅದು ಇರುವ ಕೋಣೆಗೆ ಬೀಗ. ವಿಜ್ಞಾನದ ಕಿಟ್ಟು ಬಂದ ಪೆಟ್ಟಿಗೆಯಲ್ಲೇ ಭದ್ರ. ಗ್ರಂಥಾಲಯ ಎಂದು ಬರೆದ ಕಬ್ಬಿಣದ ಬೀರು ಹೆಡ್‌ಮಾಸ್ಟರ ಕೋಣೆಯಲ್ಲಿ, ಅವರ ಕುರ್ಚಿಯ ಹಿಂದೆ. ಬೀಗದ ಕೈ ಅವರ ಜೇಬಿನಲ್ಲಿ. ಯಾಕೆ ಎಂದು ಕೇಳಿದರೆ ‘ಪುಸ್ತಕ ಹರಿದ್ರೆ ಆಡಿಟ್‌ನಲ್ಲಿ ನಾನು ಉತ್ತರ ಕೊಡ್ಬೇಕಲ್ಲ’ ಎನ್ನುತ್ತಾರೆ. ಅದು ಸುಳ್ಳಲ್ಲ. ಪುಸ್ತಕ ಹರಿಯದ ಶಾಲೆಯನ್ನು ಮೆಚ್ಚುವ, ಹರಿದ ಶಾಲೆಗೆ ನೋಟಿಸು ಕೊಡುವ ವ್ಯವಸ್ಥೆಯಲ್ಲಿ ಬೀಗ ಹಾಕುವುದೇ ಜಾಣತನ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಗ್ರಂಥಾಲಯ, ಆಟದ ಮೈದಾನ, ಶಿಕ್ಷಕರಿಗೊಂದರಂತೆ ಕೋಣೆ, ಅಂಗವಿಕಲ ಮಕ್ಕಳೂ ಬರುವಂಥ ದಾರಿ ಇರಬೇಕೆಂದು ಹೇಳುತ್ತದೆ. ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನು ಯಾವ ಕಾಯಿದೆಯೂ ಬರೆಯಲಾರದು.

ಹಾಗಾಗಿ ಶಾಲೆಯ ಕಟ್ಟಡದ ವಿಚಾರದಲ್ಲಿ ನನ್ನದು ನೇರ ಅಭಿಪ್ರಾಯ. ಸೋರದ ಸೂರು, ನೀರಿರುವ ಶೌಚಾಲಯ, ಗಾಳಿ ಬೆಳಕು, ಇವು ಹಕ್ಕು. ಇವಕ್ಕೆ ಹಣ ಸುರಿಯಲೇಬೇಕು, ಚೌಕಾಸಿ ಬೇಡ. ಅದರಾಚೆಗೆ ಹೊಸತನ ಬೇಕಿದ್ದರೆ ಅದು ಹಣದಿಂದ ಬರುವುದಿಲ್ಲ. ಮಗು ಎದ್ದು ತನಗೆ ಬೇಕಾದ ಪುಸ್ತಕವನ್ನು ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದಾದರೆ ಆ ಕೋಣೆ ಹೊಸದು, ಗೋಡೆಯ ಸುಣ್ಣ ಉದುರುತ್ತಿದ್ದರೂ ಹೊಸದು. ತೆಗೆದುಕೊಳ್ಳಲಾಗದಿದ್ದರೆ ಅದು ಹಳೆಯದು, ಏಸಿ ಇದ್ದರೂ ಹಳೆಯದು.

ಈ ಹರಟೆ ಓದುತ್ತಿರುವವರಲ್ಲಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೋ, ಹೊಸ ಕೋಣೆಗೆ ದುಡ್ಡು ಕೊಡಲು ಹೊರಟ ಹಳೆಯ ವಿದ್ಯಾರ್ಥಿಯೋ ಇದ್ದರೆ ಅವರಲ್ಲಿ ಒಂದು ಬಿನ್ನಹ. ಕೋಣೆಗೆ ಅಡಿಗಲ್ಲು ಹಾಕುವ ಮೊದಲು ಜಗಲಿಯನ್ನು ಎರಡಡಿ ಅಗಲ ಮಾಡಿಸಲು ಹೇಳಿ. ಕಲಿಯುವ ಎಷ್ಟೋ ಕೆಲಸ ಅಲ್ಲೇ ನಡೆಯುತ್ತದೆ. ಕರಿಹಲಗೆಯನ್ನು ಮಗುವಿನ ಎದೆಯ ಎತ್ತರಕ್ಕೆ ಇಳಿಸಿ. ಬೆಂಚು ಕೊಡುವುದಾದರೆ ಇಬ್ಬರು ಮಕ್ಕಳು ಎತ್ತಬಲ್ಲಂಥ ಹಗುರವಾದದ್ದು ಕೊಡಿ. ನಕ್ಷೆಯನ್ನು ಇಂಜಿನಿಯರಿಗೆ ಕೊಡುವ ಮುಂಚೆ ನಾಲ್ಕನೆಯ ತರಗತಿಯ ಮಕ್ಕಳಿಗೆ ಒಮ್ಮೆ ತೋರಿಸಿ, ಎಲ್ಲಿ ಕೂರಲು ಇಷ್ಟ ಎಂದು ಕೇಳಿ. ಇದ್ಯಾವುದೂ ಆಗದಿದ್ದರೆ ಕಡೆಯ ಪಕ್ಷ ಬರುವ ಸೋಮವಾರ ಆ ಪುಸ್ತಕದ 
ಬೀರುವನ್ನು ಜಗಲಿಗೆ ತಂದಿಟ್ಟು ಬೀಗ ತೆಗೆಯಿರಿ. ನಾಲ್ಕು ಪುಸ್ತಕ ಹರಿದರೆ ಹರಿಯಲಿ, ಆಡಿಟ್‌ನವರಿಗೆ ನಾವು ನೀವು ಸೇರಿ ಉತ್ತರ ಕೊಡೋಣ.